ತಂಗಿಯ ಡಬ್ಬಿಯಲ್ಲಿದ್ದ ಮಣ್ಣು

ನಾನು ಬಸುರಿಯಾಗಿದ್ದಾಗ ಮಣ್ಣು ತಿಂದೆನೆಂದು ಅಮ್ಮ ನನ್ನ ಕೆನ್ನೆಗೆ ಹೊಡೆದಿದ್ದಳು. ತಂಗಿ ಬಸುರಿಯಾದಾಗ ಅದೇ ಅಮ್ಮ ಮಣ್ಣನ್ನು ಬಾಣಲೆಯಲ್ಲಿ ಹುರಿದು, ಆರಿಸಿ, ಸ್ಟೀಲ್ ಡಬ್ಬಿಗೆ ತುಂಬಿ ಕಳಿಸಿದಳು. ಆ ಡಬ್ಬಿಯೂ ನನ್ನದೇ. ನನ್ನ ಮದುವೆಗೆ ಉಡುಗೊರೆಯಾಗಿ ಬಂದದ್ದು, ಮುಚ್ಚಳದ ಮೇಲೆ ನವಿಲಿನ ಚಿತ್ರ ಇತ್ತು. "ಇಲ್ಲೇ ಇರ್ಲಿ ಬಿಡು, ಬೇಕಾದಾಗ ತಗೊಂಡ್ ಹೋಗೋವಂತೆ" ಎಂದು ಅಮ್ಮನೇ ಅದನ್ನು ಅಟ್ಟಕ್ಕೆ ಏರಿಸಿದ್ದಳು.

ನಗುವವರು ನಗಲಿ. ನಲವತ್ತು ದಾಟಿದ ಹೆಂಗಸು, ಎಂ.ಎಸ್ಸಿ. ಓದಿ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಕಾಲೇಜಿಗೆ ಹೋಗುವ ಮಗ ಇರುವವಳು, ಒಂದು ಡಬ್ಬಿ ಮಣ್ಣಿಗೆ ಹೊಟ್ಟೆಕಿಚ್ಚು ಪಡುತ್ತಾಳಾ? ಪಟ್ಟೆ. ಚೆನ್ನಾಗಿಯೇ ಪಟ್ಟೆ. ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ನನಗೆ ಹರಿದ ಲಂಗ ಹೊಲಿದು ಕೊಟ್ಟರೆ ಅವಳಿಗೆ ಹೊಸದು. ನಾನು ಹಾಲಿಗೆ ಕೈ ಹಾಕಿದರೆ "ಕಾಫಿಗೆ ಬೇಕು ಕಣೇ", ಅವಳು ಹಾಕಿದರೆ "ಕುಡೀಲಿ ಬಿಡು, ಮಗು". ಅವಳ ಮೇಲೆ ಅಮ್ಮ ಒಂದು ದಿನವೂ ಕೈ ಎತ್ತಿದವಳಲ್ಲ. ನನಗೆ ಬಿದ್ದ ಏಟುಗಳನ್ನು ಹೇಳುತ್ತಾ ಕೂತರೆ ಈ ಬರಹ ಮುಗಿಯುವುದಿಲ್ಲ, ಆದ್ದರಿಂದ ಒಂದನ್ನು ಮಾತ್ರ ಹೇಳುತ್ತೇನೆ.

ಚೊಚ್ಚಲ ಹೆರಿಗೆಗೆಂದು ಕುಂದಾಣದ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಮಧ್ಯಾಹ್ನ ಒಂದು ಹದ ಮಳೆ ಹೊಯ್ದು ನಿಂತಿತ್ತು. ಕೊಟ್ಟಿಗೆಯ ಮಣ್ಣಿನ ಗೋಡೆಯಿಂದ ಎದ್ದ ವಾಸನೆಗೆ ನನ್ನ ಬಾಯಲ್ಲಿ ನೀರು ಕಿತ್ತುಕೊಂಡು ಬಂತು. ಬಸುರಿ ಬಯಕೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಗುರಿನಲ್ಲಿ ಕೆರೆದು ಒಂದು ಚೂರು ಬಾಯಿಗೆ ಹಾಕಿಕೊಂಡೆ, ಅಷ್ಟೇ. ಹಿಂದಿನಿಂದ ಬಂದ ಅಮ್ಮ ನನ್ನನ್ನು ತಿರುಗಿಸಿ ಪಟಾರನೆ ಬಿಟ್ಟಳು. "ಉಗಿಯೇ ಮೊದ್ಲು!" ಎಂದು ನನ್ನ ಗಲ್ಲದ ಕೆಳಗೆ ಅಂಗೈ ಒಡ್ಡಿದಳು. ಉಗಿದೆ. ಹೈಸ್ಕೂಲಿನಲ್ಲಿದ್ದ ತಂಗಿ ಹಿತ್ತಲ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಆ ನಗು ನನಗೆ ಇನ್ನೂ ನೆನಪಿದೆ.

ಈಗ ನನ್ನ ಕೆಲಸದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೇವನಹಳ್ಳಿ, ಹೊಸಕೋಟೆ ಕಡೆಯ ನಮ್ಮ ನೆಲವೆಲ್ಲ ಅಡಿಯಲ್ಲಿ ಬಂಡೆಯೇ. ಆ ಬಂಡೆಯಲ್ಲಿ ಯುರೇನಿಯಂ, ರೇಡಿಯಂನಂಥ ವಿಕಿರಣ ಸೂಸುವ ವಸ್ತುಗಳು ಒಂದಿಷ್ಟು ಹುಟ್ಟಿನಿಂದಲೇ ಇವೆ. ಬಂಡೆ ಸವೆದು ಆದ ಮಣ್ಣಿನಲ್ಲೂ ಇವೆ. ಮಣ್ಣಿನಲ್ಲಿ ಎಷ್ಟಿದೆ ಎಂದು ಅಳೆಯುವುದು ಒಂದು ಕೆಲಸ. ಆ ಮಣ್ಣು ಮನುಷ್ಯನ ಹೊಟ್ಟೆಗೆ ಹೋದರೆ ಅದರಲ್ಲಿ ಎಷ್ಟು ಕರಗುತ್ತದೆ ಎಂದು ಅಳೆಯುವುದು ಬೇರೆಯೇ ಕೆಲಸ. ಕರಗದೆ ಉಳಿದದ್ದು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕರಗಿದ್ದು ಮಾತ್ರ ರಕ್ತಕ್ಕೆ ಸೇರಬಹುದು. ನಮ್ಮ ಲ್ಯಾಬಿನಲ್ಲಿ ನಾನು ಮಾಡುವುದು ಈ ಎರಡನೆಯದು.

ಅದಕ್ಕೆ ಯಾರ ಹೊಟ್ಟೆಯೂ ಬೇಡ, ಬಾಟಲಿಯಲ್ಲೇ ಹೊಟ್ಟೆ ಮಾಡುತ್ತೇವೆ. ಮಣ್ಣನ್ನು ಒಣಗಿಸಿ, ಕೈಗೆ ಅಂಟುವಷ್ಟು ನುಣ್ಣಗಿನದನ್ನು ಮಾತ್ರ ಜರಡಿ ಹಿಡಿದು, ಮೊದಲು ಎಂಜಲಿನಂಥ ದ್ರವಕ್ಕೆ ಹಾಕುವುದು. ಆಮೇಲೆ ಆಸಿಡ್ಡು, ಪೆಪ್ಸಿನ್ ಎಂಬ ಜೀರ್ಣದ ಪುಡಿ ಸೇರಿಸಿ ಮೈ ಬಿಸಿಯಷ್ಟೇ ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಅಲ್ಲಾಡಿಸುತ್ತಾ ಬಿಡುವುದು. ಅದು ಜಠರ. ಆಮೇಲೆ ಸೋಡಾ, ಪಿತ್ತರಸ ಸೇರಿಸಿದರೆ ಕರುಳು. ಕೊನೆಗೆ ಗಿರಗಿರ ತಿರುಗಿಸಿ, ಸೋಸಿ, ತಿಳಿಯನ್ನು ಮಿಷನ್ನಿಗೆ ಕೊಟ್ಟರೆ ಎಷ್ಟು ಕರಗಿದೆ ಎಂದು ಅದು ಹೇಳುತ್ತದೆ. ಒಂದು ಸಲ ಇದನ್ನೆಲ್ಲ ಅಮ್ಮನಿಗೆ ವಿವರಿಸಿ, ಪೆಪ್ಸಿನ್ ಹಂದಿಯ ಹೊಟ್ಟೆಯಿಂದ ಬರುತ್ತದೆ ಎಂದೆ. "ಥೂ! ಅದ್ರಲ್ಲಿ ಕೈ ಇಟ್ಟು ಬಂದು ನನ್ನ ಒಲೆ ಮುಟ್ಟಿದ್ಯಾ?" ಎಂದು ಬೈದಳು. ಆವತ್ತಿನಿಂದ ಊರಿಗೆ ಹೋದರೆ ಕಾಲು ತೊಳೆಯುವ ಮೊದಲು ಕೈ ತೊಳೆಸುತ್ತಾಳೆ.

ತಂಗಿಯನ್ನು ಕೊಟ್ಟಿರುವುದು ನಮ್ಮ ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ. ಗಂಡನ ಮನೆಯವರದು ರೇಷ್ಮೆ ನೂಲು ಹುರಿ ಮಾಡುವ ಕಸುಬು. ಕೆಳಗೆ ಮಿಷನ್ನುಗಳು, ಮೇಲೆ ಮನೆ. ಬೆಳಗಿನಿಂದ ಸಂಜೆಯವರೆಗೆ ಗರಗರ ಸದ್ದು, ಮಾತಾಡಬೇಕಾದರೆ ಕಿರುಚಬೇಕು. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಎರಡು ಸಲ ನಿಂತಿದ್ದು ಕಳೆದುಹೋಗಿತ್ತು. ಈ ಸಲದ್ದು ಉಳಿದು, ಏಳಕ್ಕೆ ಬಿದ್ದಿತ್ತು. ಹಣ್ಣು ತೆಗೆದುಕೊಂಡು ನೋಡಲು ಹೋದೆ. ನಾನೇನು ಕಲ್ಲಲ್ಲ, ಅವಳ ಹೊಟ್ಟೆ ನೋಡಿ ನನಗೂ ಸಂತೋಷವಾಯಿತು. ಆ ಸಂತೋಷ ಡಬ್ಬಿ ಕಣ್ಣಿಗೆ ಬೀಳುವವರೆಗೆ ಇತ್ತು.

ಕಿಟಕಿಯ ಪಕ್ಕ ಕೂತು ಅವಳು ಡಬ್ಬಿಯಿಂದ ಬೂದು ಬಣ್ಣದ ಹೆಂಟೆಯೊಂದನ್ನು ತೆಗೆದು, ಕಡಲೆ ಮಿಠಾಯಿ ಕಡಿದಂತೆ ಕಟುಂ ಎನ್ನಿಸಿದಳು. ನವಿಲಿನ ಮುಚ್ಚಳ ಮಂಚದ ಮೇಲೆ ಬಿದ್ದಿತ್ತು.

"ಏನೇ ಅದು?" ಎಂದೆ.

"ಮಣ್ಣು ಕಣಕ್ಕಾ. ಅಮ್ಮ ಹುರ್ದು ಕಳಿಸ್ತಾಳೆ. ಹಸೀದು ತಿಂದ್ರೆ ಹುಳ ಆಗುತ್ತಂತೆ."

"ಅಮ್ಮ? ನಮ್ಮಮ್ಮ?"

"ಇನ್ಯಾರಮ್ಮ?" ಎಂದು ನಕ್ಕಳು. ಅದೇ ಹಿತ್ತಲ ಬಾಗಿಲ ನಗು.

ನನ್ನ ಮೈಯೆಲ್ಲ ಉರಿದುಹೋಯಿತು. ಹುರಿಯುತ್ತಾಳಂತೆ! ಮೊಣಕಾಲು ನೋವೆಂದು ನನ್ನ ಮಗನಿಗೆ ಒಂದು ಕೋಡುಬಳೆ ಕರಿದು ಕೊಡಲಾರದವಳು ಇವಳಿಗೆ ಒಲೆ ಮುಂದೆ ಕೂತು ಮಣ್ಣು ಹುರಿಯುತ್ತಾಳೆ. ಒಂದು ಚೂರು ಕೊಡೇ, ಲ್ಯಾಬಿನಲ್ಲಿ ನೋಡುತ್ತೇನೆ ಎಂದೆ. ತಂಗಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. "ಇದು ನಂದು. ಬೇಕಾದ್ರೆ ಅಮ್ಮನ್ನ ಕೇಳು, ನಿಂಗೂ ಕೊಡ್ತಾಳೆ." ಅವಳ ಕೈಯಲ್ಲಿದ್ದ ಹೆಂಟೆಯಲ್ಲಿ ಕಾಗೆಬಂಗಾರದ ಚೂರುಗಳು ಬಿಸಿಲಿಗೆ ಮಿಣಮಿಣ ಎನ್ನುತ್ತಿದ್ದುದನ್ನು ನೋಡಿದೆ. ಆಗ ಅದಕ್ಕೇನೂ ಅರ್ಥ ಹಚ್ಚಲಿಲ್ಲ.

ಅಮ್ಮನಿಗೆ ಫೋನು ಮಾಡಿ, ತಂಗಿ ತಿನ್ನುತ್ತಿರುವ ಮಣ್ಣು ಒಂದು ಸೇರಿನಷ್ಟು ಬೇಕು, ಪರೀಕ್ಷೆ ಮಾಡಬೇಕು ಎಂದೆ. ಬೈಯುತ್ತಾಳೆ ಅಂದುಕೊಂಡರೆ, "ಆಯ್ತು, ದೇವನಹಳ್ಳಿ ಬಸ್ ಸ್ಟ್ಯಾಂಡಿಗೆ ತಂದ್ಕೊಡ್ತೀನಿ" ಎಂದಳು. ತಂದೂ ಕೊಟ್ಟಳು, ಬಟ್ಟೆ ಅಂಗಡಿಯ ಕವರಿನಲ್ಲಿ, ಬಾಯಿಗೆ ಗಂಟು ಹಾಕಿ. ಇಷ್ಟು ಸಲೀಸಾಗಿ ಅಮ್ಮ ನನ್ನ ಮಾತು ಕೇಳಿದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಲ್ಯಾಬಿನಲ್ಲಿ ನನ್ನ ಮೇಲಿನ ಮೇಡಂಗೆ ವಿಷಯ ಹೇಳಿದೆ. ಊರುಗಳ ಮಣ್ಣು ಹೇಗೂ ಬೇಕಾಗಿತ್ತು, ಬಸುರಿಯರು ನಿಜವಾಗಿ ತಿನ್ನುವ ಮಣ್ಣು ಎಂದರೆ ಇನ್ನೂ ಒಳ್ಳೆಯದೇ ಎಂದು ಅವರು ಒಪ್ಪಿದರು. ನಾನು ಆ ಬಾಟಲಿಗಳಿಗೆ ಮಾಡಿದಷ್ಟು ಉಪಚಾರವನ್ನು ಯಾವ ಸ್ಯಾಂಪಲ್ಲಿಗೂ ಮಾಡಿರಲಿಲ್ಲ. ತೊಟ್ಟಿಯಲ್ಲಿ ಅವು ತೊನೆಯುವುದನ್ನು ನೋಡುತ್ತಾ ನಿಂತಿದ್ದಾಗ ಮನಸ್ಸಿನಲ್ಲಿ ಏನಿತ್ತೆಂದು ಸುಳ್ಳು ಹೇಳಲಾರೆ. ಕರಗಲಿ, ಚೆನ್ನಾಗಿ ಕರಗಲಿ ಎಂದಿತ್ತು. ಮಗುವಿಗೆ ಏನಾದರೂ ಆಗಲಿ ಎಂದಲ್ಲ, ಅಯ್ಯೋ, ಅಷ್ಟು ಕೆಟ್ಟವಳಲ್ಲ ನಾನು. ಅಮ್ಮ ಪ್ರೀತಿಯಿಂದ ಹುರಿದು ಕೊಟ್ಟದ್ದು ವಿಷ ಎಂದು ಮಿಷನ್ನು ಹೇಳಬೇಕು, ಆ ಕಾಗದವನ್ನು ನಾನು ಅಮ್ಮನ ಮುಂದೆ ಹಿಡಿಯಬೇಕು. ಅಷ್ಟೇ ಆಸೆ.

ಮಿಷನ್ನು ಹಾಗೆ ಹೇಳಲಿಲ್ಲ. ಕರಗಿದ್ದು ಇಲ್ಲವೆನ್ನುವಷ್ಟು ಕಡಿಮೆ. ಮತ್ತೆ ಮಾಡಿದೆ, ಮತ್ತೆ ಅಷ್ಟೇ. ಏನೂ ಇಲ್ಲ ಎಂದು ಅಮ್ಮನಿಗೆ ಫೋನು ಮಾಡಿ ಹೇಳಿದ್ದೂ ಆಯಿತು. ನಾನು ನೋಡಿದ ಮಣ್ಣುಗಳಲ್ಲೇ ಸಾಧು ಮಣ್ಣು ಅದು. ತಂಗಿಯ ಅದೃಷ್ಟ ನೋಡಿ, ಅವಳು ತಿನ್ನುವ ಮಣ್ಣು ಕೂಡ ಪುಣ್ಯವಂತ ಮಣ್ಣು ಎಂದು ಗೊಣಗುತ್ತಾ ಮೇಜು ಒರೆಸಲು ಹೋದೆ. ಜರಡಿಯ ಮೇಲೆ ಉಳಿದ ಕಸವನ್ನು ಒಂದು ಕವರಿನಲ್ಲಿ ಹಾಗೇ ಇಟ್ಟಿದ್ದೆ. ಬಿಸಾಡುವ ಮುನ್ನ ಕಣ್ಣು ಹಾಯಿಸಿದರೆ ಅದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳೀ ಚಿಪ್ಪುಗಳು. ನೀರಿನಲ್ಲಿರುವ ಬಸವನಹುಳುವಿನವು. ಒಣ ನೆಲದ ಮಣ್ಣಿನಲ್ಲಿ ಇವು ಎಲ್ಲಿಂದ ಬಂದವು?

ಬರುವುದಿಲ್ಲ. ಅದು ಕೆರೆಯ ಗೋಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಎತ್ತಿ ಹೊಲಕ್ಕೆ ಹೊಡೆಯುವ ಹೂಳು. ನೂರಾರು ಮಳೆಗಾಲದಲ್ಲಿ ತೊಳೆದು ತೊಳೆದು ಕರಗುವುದೆಲ್ಲ ಎಂದೋ ಕರಗಿಹೋದ ಮಣ್ಣು. ಅದರಲ್ಲಿ ಕಾಗೆಬಂಗಾರದ ಒಂದು ಚೂರೂ ಇರಲಿಲ್ಲ. ತಂಗಿಯ ಹೆಂಟೆ ಕಣ್ಣಮುಂದೆ ಮಿಣಮಿಣ ಎಂದಿತು. ನನಗೆ ತಿಳಿದುಹೋಯಿತು. ಅಮ್ಮ ನನಗೆ ಬೇರೆ ಮಣ್ಣು ಕೊಟ್ಟಿದ್ದಳು. ಹೆಣ್ಣು ನೋಡಲು ಬಂದವರಿಗೆ ಪಕ್ಕದ ಮನೆಯ ಬೆಳ್ಳಿ ಲೋಟದಲ್ಲಿ ಕಾಫಿ ಕೊಡುವ ಹಾಗೆ, ಪರೀಕ್ಷೆ ಎಂದಕೂಡಲೇ ಊರಿನಲ್ಲಿರುವ ಒಳ್ಳೆಯ ಮಣ್ಣು ಹುಡುಕಿ ಕೊಟ್ಟಿದ್ದಳು. ಚಿಕ್ಕ ಮಗಳನ್ನು ದೊಡ್ಡ ಮಗಳಿಂದ ಕಾಪಾಡಲು ನನ್ನ ಲ್ಯಾಬಿಗೇ ಟೋಪಿ!

ಮಾರನೆಯ ದಿನವೇ ರಜೆ ಹಾಕಿ ಊರಿಗೆ ಹೋದೆ. ಅಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಚಿಪ್ಪುಗಳ ಕವರನ್ನು ಮೊರದೊಳಕ್ಕೆ ಸುರಿದೆ.

"ಇದೇನು ಹೇಳು."

ಅಮ್ಮ ನೋಡಿದಳು. ಮುಖ ಕೆಂಪಗಾಯಿತು. "ಅಯ್ಯೋ, ಅವರೆಕಾಳಿಗೆ ಯಾಕೇ ಸುರೀತೀಯ?"

"ಮಾತು ಮರೆಸ್ಬೇಡ. ಅವಳು ತಿನ್ನೋದು ಕೆರೆ ಗೋಡಲ್ಲ. ಎಲ್ಲೀದು?"

"ಏನಾದ್ರೂ ಆಗ್ಲಿ. ಚೆನ್ನಾಗಿದೆ ಅಂತ ಬಂತಲ್ಲ, ಬಿಡು."

"ಚೆನ್ನಾಗಿದೆ ಅಂತ ಬಂದಿದ್ದು ಕೆರೆಗೆ! ನಿನ್ನ ಮಗಳಿಗಲ್ಲ!"

ಅಮ್ಮ ಮೊರ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು. "ನಿಂಗೆ ಅವಳಂದ್ರೆ ಮೊದ್ಲಿಂದ್ಲೂ ಆಗಲ್ಲ. ಕೆಟ್ಟದ್ದು ಬರ್ಲಿ ಅಂತ್ಲೇ ಪರೀಕ್ಷೆ ಮಾಡ್ತೀಯ ಅಂದ್ಕೊಂಡೆ. ಏಳು ತಿಂಗಳ ಬಸುರಿ, ಎರಡು ಸಲ ಹೋಗಿದೆ. ನೀನು ಏನಾದ್ರೂ ಅಂದು, ಅವಳು ಎದೆ ಒಡ್ಕೊಂಡ್ರೆ?"

ಅಮ್ಮ ಹೇಳಿದ್ದರಲ್ಲಿ ಅರ್ಧ ನಿಜವಾಗಿತ್ತು. ಅಳು ಬಂತು, ಸಿಟ್ಟೂ ಬಂತು, ಎರಡರಲ್ಲಿ ಸಿಟ್ಟನ್ನೇ ಆರಿಸಿಕೊಂಡು, ಜಾಗ ತೋರಿಸದೆ ಹೋದರೆ ಇಲ್ಲಿಂದ ಏಳುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತೆ. ಕೊನೆಗೆ ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.

ಕರೆದುಕೊಂಡು ಹೋದದ್ದು ದ್ರಾಕ್ಷಿ ತೋಟದ ಹಿಂದಕ್ಕೆ, ಅಪ್ಪ ಬೋರು ಕೊರೆಸಿದ್ದ ಜಾಗಕ್ಕೆ. ಅಲ್ಲಿ ನೀರು ಸಿಕ್ಕದೆ ಬರೀ ಧೂಳು ಬಂದಿತ್ತು, ಆಮೇಲೆ ಇನ್ನೊಂದು ಮೂಲೆಯಲ್ಲಿ ಕೊರೆಸಿದರು. ಮೊದಲ ಬೋರಿನ ಬಾಯಿಗೆ ಕಲ್ಲು ಮುಚ್ಚಿತ್ತು. ಅದರ ಪಕ್ಕದಲ್ಲಿ ಕೊರೆಯುವಾಗ ಮೇಲೆ ಬಂದ ಕಲ್ಲುಪುಡಿ ಗುಡ್ಡೆಯಾಗಿ ಬಿದ್ದು, ಒಂದೆರಡು ಮಳೆಗೆ ನೆನೆದು ಒಣಗಿ ಹೆಂಟೆಗಟ್ಟಿತ್ತು. ಬಿಸಿಲಿನಲ್ಲಿ ಗುಡ್ಡೆಯೆಲ್ಲ ಮಿಣಮಿಣ.

"ಗೋಡೆ ಮಣ್ಣು ಕೊಟ್ರೆ ಮುಟ್ಟಲ್ಲ. ಇದ್ರ ವಾಸ್ನೇನೇ ಬೇಕಂತೆ. ಹಿಟ್ಟಿನ ಥರ ನುಣ್ಣಗಿದೆ, ಕೊಳೆ ಇಲ್ಲ, ಗೊಬ್ಬರ ಸೋಕಿಲ್ಲ. ಭೂಮಿ ಒಳಗಿಂದ ಬಂದಿರೋದು, ಶುದ್ಧವಾಗಿದೆ ಅಂದ್ಕೊಂಡೆ," ಎಂದಳು ಅಮ್ಮ.

ನನ್ನ ಹೊಟ್ಟೆಕಿಚ್ಚು ಅಲ್ಲೇ ತಣ್ಣಗಾಗಿ ಭಯ ಶುರುವಾಯಿತು. ಮಳೆ ಬಿಸಿಲು ಕಾಣದ ಬಂಡೆಯನ್ನು ಆಳದಿಂದ ಕೊರೆದು ಹಿಟ್ಟು ಮಾಡಿ ತಂದಿಟ್ಟ ಹಾಗಿತ್ತು. ಲ್ಯಾಬಿನಲ್ಲಿ ನಾವು ಕಷ್ಟಪಟ್ಟು ಜರಡಿ ಹಿಡಿಯುವ ಕೆಲಸವನ್ನು ಬೋರಿನ ಲಾರಿಯೇ ಮಾಡಿಬಿಟ್ಟಿತ್ತು. ಒಂದು ಹೆಂಟೆ ಕವರಿಗೆ ಹಾಕಿಕೊಂಡೆ.

ಈ ಸಲ ತೊಟ್ಟಿಯ ಮುಂದೆ ನಿಂತಾಗ ಕರಗಬೇಡ, ಕರಗಬೇಡ ಎನ್ನುತ್ತಿದ್ದೆ. ನನ್ನ ಮಾತು ಆ ಬಾಟಲಿಗಳು ಯಾವತ್ತೂ ಕೇಳಿದ್ದಿಲ್ಲ. ಕೆರೆಯ ಗೋಡಿಗಿಂತ ಎಷ್ಟೋ ಪಟ್ಟು ಕರಗಿತ್ತು. ಆಸಿಡ್ಡಿನಲ್ಲಿ ಬಿಟ್ಟುಕೊಂಡ ಯುರೇನಿಯಂ ಕರುಳಿನ ಸೋಡಾದಲ್ಲೂ ಮತ್ತೆ ತಳಕ್ಕೆ ಕೂರದೆ ನೀರಿನಲ್ಲೇ ಉಳಿದಿತ್ತು. ಮೇಡಂ ಅಂಕಿಗಳನ್ನು ನೋಡಿ, ಇನ್ನೊಂದು ಸಲ ಮಾಡು ಎಂದರು. ಅದೂ ಹಾಗೇ ಬಂತು. ಇಷ್ಟರಿಂದ ಹೊಟ್ಟೆಯಲ್ಲಿರುವ ಮಗುವಿಗೆ ಹೀಗೇ ಆಗುತ್ತದೆ ಎಂದು ಯಾರೂ ಹೇಳಲಾರರು. ಆದರೆ ಬಸುರಿಯೊಬ್ಬಳು ದಿನಾ ತಿನ್ನುವ ಪದಾರ್ಥವಂತೂ ಅದಲ್ಲ. "ಇವತ್ತೇ ನಿಲ್ಲಿಸಿಬಿಡು. ಅವಳ ಡಾಕ್ಟರಿಗೂ ಹೇಳ್ಬೇಕು," ಎಂದರು ಮೇಡಂ.

ನಿಲ್ಲಿಸುವುದೇನು ಸುಲಭವೇ? ತಂಗಿಗೆ ಫೋನು ಮಾಡಿದೆ. ಮಿಷನ್ನುಗಳ ಸದ್ದಿನ ಮೇಲೆ ಕಿರುಚಿ ಕಿರುಚಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಕ್ಕಾ, ಮೊನ್ನೆ ತಾನೇ ಏನೂ ಇಲ್ಲ ಅಂತ ಬಂತಂತಲ್ಲ, ಅಮ್ಮ ಹೇಳಿದ್ಳು."

"ಅದು ಬೇರೆ ಮಣ್ಣು ಕಣೇ!"

"ಹಂಗಾದ್ರೆ ನಿಂಗೆ ಬೇಕಾದಂಗೆ ಬರೋ ತನಕ ಪರೀಕ್ಷೆ ಮಾಡ್ತಾನೇ ಇರ್ತೀಯ. ನಿಂಗೆ ಅಮ್ಮ ಕೊಡ್ಲಿಲ್ಲ ಅಂತ ನಂದೂ ಕಿತ್ಕೊಳ್ತೀಯಾ?"

ಫೋನು ಇಟ್ಟುಬಿಟ್ಟಳು. ಇಷ್ಟು ವರ್ಷ ಬಾಯಿಬಿಟ್ಟು ಹೊಟ್ಟೆಕಿಚ್ಚು ಪಟ್ಟಿದ್ದಕ್ಕೆ ಈಗ ನಿಜ ಹೇಳಿದರೂ ಅದು ಹೊಟ್ಟೆಕಿಚ್ಚಿನ ಮಾತೇ ಆಗಿ ಕೇಳುತ್ತಿತ್ತು. ಅಂಕಿ ತೋರಿಸಿದರೆ, ನೀನೇ ಬರೆದದ್ದು ಎನ್ನುತ್ತಾಳೆ. ಅವಳು ನಂಬುವುದು ಒಬ್ಬಳನ್ನೇ. ಆ ಒಬ್ಬಳನ್ನು ಕರೆದುಕೊಂಡು ಹೋಗಬೇಕಾಗಿತ್ತು.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ಈ ಸಲ ಕೂಗಾಡದೆ. ಅವಳು ಎದ್ದು ಒಳಗೆ ಹೋಗಿ, ಹುರಿದಿಟ್ಟಿದ್ದ ಹೆಂಟೆಗಳನ್ನೆಲ್ಲ ತಂದು ತಿಪ್ಪೆಗೆ ಚೆಲ್ಲಿ, ಬಾಣಲೆಯನ್ನೂ ಜೊತೆಗೇ ಎಸೆದಳು. ಬಾಣಲೆ ಯಾಕೆ ಎಂದರೆ, "ಸುಮ್ನಿರೇ" ಎಂದಳು. ಸೀರೆ ಬದಲಿಸಿ, ನನಗಿಂತ ಮೊದಲೇ ವಿಜಯಪುರದ ಬಸ್ಸು ಹತ್ತಿದಳು.

ನಾವು ಹೋದಾಗ ಕರೆಂಟು ಹೋಗಿ ಮಿಷನ್ನುಗಳು ನಿಂತಿದ್ದವು. ಆ ಮನೆಯನ್ನು ಅಷ್ಟು ನಿಶ್ಶಬ್ದವಾಗಿ ನಾನು ನೋಡಿರಲಿಲ್ಲ. ತಂಗಿ ಅಮ್ಮನನ್ನು ನೋಡಿ ಮುಖ ಅರಳಿಸಿದಳು, ನನ್ನನ್ನು ನೋಡಿ ಮುಚ್ಚಿಕೊಂಡಳು.

"ಇನ್ಮೇಲೆ ಅದು ಬೇಡ ಕಣಮ್ಮಾ," ಎಂದಳು ಅಮ್ಮ. "ಅಕ್ಕ ಸರಿಯಾಗಿ ನೋಡಿದ್ದಾಳೆ. ಮಗೂಗೆ ಒಳ್ಳೇದಲ್ಲ. ತಪ್ಪು ನಂದು, ಗೊತ್ತಾಗ್ಲಿಲ್ಲ."

"ನಿನ್ನ ತಲೇನೂ ಕೆಡಿಸಿದ್ಳಾ ಇವ್ಳು?"

"ಹಂಗನ್ಬೇಡ."

"ಹಂಗೇ ಅಂತೀನಿ. ಇವ್ಳಿಗೆ ನಾನು ಹುಟ್ಟಿದ್ದೇ ಆಗಿಲ್ಲ," ಎಂದು ತಂಗಿ ದಿಂಬಿನ ಪಕ್ಕದಿಂದ ಡಬ್ಬಿ ಎಳೆದುಕೊಂಡು, ದೊಡ್ಡದೊಂದು ಹೆಂಟೆ ಆರಿಸಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಬಾಯಿಗೆ ಹಾಕಿಕೊಂಡಳು.

ಪಟಾರ್.

ನಾನು ಬೆಚ್ಚಿಬಿದ್ದೆ. ಡಬ್ಬಿ ನೆಲಕ್ಕೆ ಬಿದ್ದು ಕಲ್ಲುಪುಡಿಯೆಲ್ಲ ಚೆಲ್ಲಿತು. ತಂಗಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬಾಯಿ ಉಬ್ಬಿಸಿಕೊಂಡು ಕೂತಿದ್ದಳು. ಹೊಡೆತಕ್ಕಿಂತ ಹೊಡೆದವಳನ್ನು ನೋಡಿ ಗಾಬರಿಯಾಗಿದ್ದಳು. "ಉಗಿಯೇ ಮೊದ್ಲು!" ಎಂದು ಅಮ್ಮ ಅವಳ ಗಲ್ಲದ ಕೆಳಗೆ ಅಂಗೈ ಒಡ್ಡಿದಳು. ತಂಗಿ ಉಗಿದಳು. ಉಗಿದು, ಅಮ್ಮನ ಸೊಂಟಕ್ಕೆ ಮುಖವಿಟ್ಟು ಚಿಕ್ಕ ಹುಡುಗಿಯ ಹಾಗೆ ಅತ್ತಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಇನ್ನು ತಿನ್ನುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ನಿಜಕ್ಕೂ ಆಮೇಲೆ ಅವಳು ಅದನ್ನು ಮುಟ್ಟಲಿಲ್ಲ, ಡಾಕ್ಟರಿಗೂ ತೋರಿಸಿದೆವು, ಈಗ ಆ ಮಗು ನನ್ನ ಮಡಿಲಲ್ಲಿ ಕೂತು ನನ್ನ ಕನ್ನಡಕ ಕೀಳುತ್ತದೆ. ಆವತ್ತು ನೆಮ್ಮದಿಯಾಗಬೇಕಿತ್ತು, ಆಯಿತು. ಇಷ್ಟು ವರ್ಷ ಕಾದದ್ದಕ್ಕೆ ಒಂದು ಚೂರು ಖುಷಿಯೂ ಆಗಬೇಕಿತ್ತು. ಅದು ಆಗಲಿಲ್ಲ. ಅದೇ ಮಾತು, ಅದೇ ಅಂಗೈ. ಅಮ್ಮನಿಂದ ನನಗೆ ಮಾತ್ರ ಸಿಕ್ಕಿ, ತಂಗಿಗೆ ಸಿಗದೇ ಇದ್ದದ್ದು ಅದೊಂದೇ ಆಗಿತ್ತು. ಈಗ ಅದನ್ನೂ ಅವಳಿಗೆ ಕೊಟ್ಟಳು. ಆ ಕೊಟ್ಟಿಗೆಯ ಗೋಡೆಯ ಏಟನ್ನು ನಾನು ಯಾಕೆ ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆ ಎಂದು ಅಲ್ಲಿ ನಿಂತಾಗ ಅರ್ಥವಾಯಿತು.

ಚೆಲ್ಲಿದ್ದನ್ನು ಗುಡಿಸಿ, ಡಬ್ಬಿಯನ್ನು ಬಚ್ಚಲಿನಲ್ಲಿ ಉಜ್ಜಿ ತೊಳೆದು, ನನ್ನ ಬ್ಯಾಗಿಗೆ ಹಾಕಿಕೊಂಡೆ. ಯಾರನ್ನೂ ಕೇಳಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಊರು ದಾಟಿದ ಮೇಲೆ, ನನ್ನ ಕಡೆ ತಿರುಗದೆ ಕೇಳಿದಳು.

"ತುಂಬಾ ಜೋರಾಗಿ ಬಿತ್ತೇನೇ ಅವಳಿಗೆ?"

"ಇಲ್ಲ ಬಿಡು," ಎಂದೆ. "ನಂಗೆ ಬಿದ್ದಷ್ಟು ಜೋರಾಗಿ ಬೀಳ್ಲಿಲ್ಲ."